ಏರುವಾಗೊಂದು, ಇಳಿಯುವಾಗೊಂದು

ಎರಡು ಸಾವಿರದ ಆಸುಪಾಸಿನ ಮಾತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ರಯೋಗಾಲಯ ನನ್ನ ಸುಪರ್ದಿಯಲ್ಲಿತ್ತು. ಮನೆ ತಿ. ನರಸೀಪುರದಲ್ಲಿ. ಬೆಳಿಗ್ಗೆ ಏಳೂಕಾಲಿನ ಬಸ್ಸು, ಸಂಜೆ ಐದೂವರೆಯದು. ಎರಡನ್ನೂ ನಾನು ತಪ್ಪಿಸಿಕೊಂಡವನಲ್ಲ.

ನಮ್ಮಲ್ಲಿ ತಯಾರಾಗುತ್ತಿದ್ದ ಲೇಪನದ ಮೇಲ್ಮೈ ಪರೀಕ್ಷಿಸಲು ಆಗ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಬಂತು. ಅದರಲ್ಲಿ ಕೂದಲೆಳೆಗಿಂತ ತೆಳುವಾದ ಸಿಲಿಕಾನ್ ಪಟ್ಟಿ, ಪಟ್ಟಿಯ ತುದಿಗೊಂದು ಮೊನೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಅದುರುವ ಆ ಮೊನೆಯನ್ನು ಮೇಲ್ಮೈಯ ಸಮೀಪಕ್ಕೆ ತಂದು, ಅದುರುವಿಕೆ ಎಷ್ಟು ಕುಗ್ಗಿತೆಂದು ಅಳೆಯಬೇಕು.

ಇದಕ್ಕೂ ಒಂದು ಕ್ರಮ ಬರೆದು ಗೋಡೆಗೆ ಅಂಟಿಸಿದೆ. ಮೊನೆಯನ್ನು ಅದುರಿಸುವ ಫ್ರೀಕ್ವೆನ್ಸಿಯನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತ ಅಳೆಯುವುದು. ನೋಟ್‌ಬುಕ್ಕಿನಲ್ಲಿ ಏನನ್ನೂ ಅಳಿಸಬಾರದು. ತಪ್ಪಿನ ಮೇಲೆ ಕೆಂಪು ಗೆರೆ ಎಳೆದು, ತಪ್ಪು ಮಾಡಿದವರೇ ಪಕ್ಕದಲ್ಲಿ ಸಹಿ ಹಾಕುವುದು.

ದೇವನೂರಿನಿಂದ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಎಂ.ಎಸ್ಸಿ. ಮುಗಿಸಿ ನನ್ನ ಕೈಕೆಳಗೆ ಸೇರಿದ್ದಳು. ಕೆಲಸ ಕಾಯಂ ಆಗುವುದು ನನ್ನ ವರದಿಯ ಮೇಲೆ ನಿಂತಿತ್ತು. ಲೇಪನದ ಒಂದೇ ತುಂಡಿನ ಮೇಲೆ ನಾನು ಅಳೆದದ್ದು ಒಂದು, ಅವಳದ್ದು ಇನ್ನೊಂದು. ಮೊನೆ ದೂರವಿದ್ದಾಗ ಇಬ್ಬರದ್ದೂ ಸರಿಯಾಗಿ ತಾಳೆಯಾಗುತ್ತಿತ್ತು. ಸಮೀಪಕ್ಕೆ ತಂದೊಡನೆ ಅವಳ ಅದುರುವಿಕೆ ದೊಡ್ಡದು. ಜನರೇಟರನ್ನು ಬೈದೆ, ಫ್ಯಾನು ನಿಲ್ಲಿಸಿದೆ, ನೆಲದ ಅದುರು ತಟ್ಟದಿರಲೆಂದು ಯಂತ್ರದ ಕೆಳಗೆ ಸ್ಕೂಟರಿನ ಟ್ಯೂಬು ಇಟ್ಟೆ. ಮೂರು ವಾರ ಹೀಗೇ ಹಾಳಾಯಿತು.

ಕೊನೆಗೆ ಅವಳನ್ನೇ ಕೇಳಿದೆ.

"ಫ್ರೀಕ್ವೆನ್ಸಿನ ಮೇಲಿಂದ ಕೆಳಕ್ಕೆ ತಂದೆ ಸಾ. ಅಂಗೆ ತಂದ್ರೆ ಇಂಗೇ ಬತ್ತದೆ."

"ನರಸೀಪುರದಿಂದ ಬಂದ್ರೂ ದೇವನೂರಿಂದ ಬಂದ್ರೂ ನಂಜನಗೂಡು ಒಂದೇ ಕಣಮ್ಮ," ಎಂದು ಅವಳ ನಾಲ್ಕು ಪುಟಗಳಿಗೆ ಕೆಂಪು ಗೆರೆ ಎಳೆದೆ. ಸಹಿ ಹಾಕೆಂದರೆ ಅವಳು ಹಾಕಲಿಲ್ಲ. ಅದನ್ನೂ ಸೇರಿಸಿ, ಕ್ರಮ ಪಾಲಿಸುವುದಿಲ್ಲವೆಂದು ವರದಿ ಕಳಿಸಿದೆ.

ಮುಂದಿನ ವಾರ ಒಂದು ಸಂಜೆ ಐದು ಗಂಟೆ ದಾಟಿತ್ತು. ಫ್ರೀಕ್ವೆನ್ಸಿ ಏರಿಸುತ್ತ ಬೇಕಾದ ಜಾಗ ದಾಟಿಹೋದೆ. ಕ್ರಮದ ಪ್ರಕಾರ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬಸ್ಸಿನ ಚಿಂತೆಯಲ್ಲಿ ಹಾಗೇ ಹಿಂದಕ್ಕೆ ಇಳಿಸಿದೆ. ಪರದೆಯ ಮೇಲೆ ಅವಳ ಅಳತೆಯ ಗೆರೆ ಬಂತು. ಏರಿಸಿದೆ, ನನ್ನದು. ಇಳಿಸಿದೆ, ಅವಳದು. ಮೇಲ್ಮೈಯ ಸೆಳೆತಕ್ಕೆ ಸಿಕ್ಕ ಮೊನೆ ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ರೀತಿ ಅದುರಬಲ್ಲದು. ಯಾವ ರೀತಿ ಎಂಬುದು ಅದು ಬಂದ ದಾರಿಯನ್ನು ಅವಲಂಬಿಸಿದೆ. ಇಷ್ಟು ವರ್ಷ ಉಪಕರಣಗಳ ಜೊತೆಗಿದ್ದೂ ಒಂದು ಸಲ ಉಲ್ಟಾ ತಿರುಗಿಸಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಆವತ್ತು ಬಸ್ಸು ತಪ್ಪಿತು.

ಮರುದಿನ ವರದಿ ವಾಪಸು ಪಡೆಯಲು ಮ್ಯಾನೇಜರರ ಬಳಿ ಹೋದೆ. ಅವಳ ಕಾಯಂ ನೇಮಕ ಆಗಲೇ ಆರು ತಿಂಗಳು ಮುಂದೆ ಹೋಗಿತ್ತು. ಹೊಸ ಪತ್ರ ಕೊಟ್ಟೆ. ನೋಡೋಣ ಎಂದರು.

ಅವಳಿಗೆ ಎಲ್ಲ ಹೇಳಿದೆ.

"ಅಂದ್ರೆ ನರಸೀಪುರದಿಂದ ಬಂದೋರಿಗೆ ಒಂದು ನಂಜನಗೂಡು, ದೇವನೂರಿಂದ ಬಂದೋರಿಗೆ ಇನ್ನೊಂದು. ಅಲ್ವಾ ಸಾ?"

ಆ ನಾಲ್ಕು ಪುಟ ಹೊಸದಾಗಿ ಬರೆದುಕೋ, ಸಹಿ ಮಾಡುತ್ತೇನೆ ಎಂದೆ.

"ಬ್ಯಾಡಿ ಸಾ. ಗೆರೆ ಅಂಗೇ ಇರ್ಲಿ," ಎಂದು ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿ, ಕೆಂಪು ಪೆನ್ನು ಮುಂದಿಟ್ಟಳು.

ಕೆಂಪು ಗೆರೆಗಳ ಪಕ್ಕದಲ್ಲಿ ನಾಲ್ಕು ಕಡೆಯೂ ಸಹಿ ಹಾಕಿದೆ.