ಊರು ಬಿಟ್ಟವರ ಓಟು

ನಾವಿದ್ದ ಗಲ್ಫ್ ನಗರದ ಬ್ನೇದ್ ಅಲ್ ಗಾರ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿಗೆ ಬಂದವಳು ಕೆನಡಾದವಳು ಎಂದಷ್ಟೇ ಮೊದಲು ನನಗೆ ಗೊತ್ತಿದ್ದದ್ದು. ಶುಐಬಾದ ಕಾರ್ಖಾನೆಯೊಂದರಲ್ಲಿ ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಕೊಡುತ್ತಿದ್ದಳು. ನಾನು ಮಿರ್ಕಾಬ್‌ನ ಆಫೀಸು ಮುಗಿಸಿ ಬರುವ ಹೊತ್ತಿಗೇ ಅವಳೂ ಬರುತ್ತಿದ್ದಳು. ಲಿಫ್ಟಿನಲ್ಲಿ ಶುರುವಾದ ಮಾತು ಚಹಾದವರೆಗೆ ಬೆಳೆಯಿತು. ತಾನು ಕೆನಡಾದ ಮೂಲನಿವಾಸಿಗಳ ಒಂದು ಸಣ್ಣ ಸಮುದಾಯದವಳೆಂದೂ, ತನ್ನ ಜನ ಇನ್ನು ಮುಂದೆ ತಮ್ಮನ್ನು ತಾವೇ ಆಳಿಕೊಳ್ಳಲು ಸಂವಿಧಾನ ಬರೆಯುತ್ತಿದ್ದಾರೆಂದೂ ಒಂದು ದಿನ ಹೇಳಿದಳು.

ಸಂವಿಧಾನವೆಂದರೆ ನನಗೆ ಶಾಲೆಯ ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಗಿದ್ದ ಮಾತು. ನಾವು ಹುಟ್ಟುವ ಮೊದಲೇ ದೊಡ್ಡವರು ಬರೆದಿಟ್ಟದ್ದು. ತರಕಾರಿ ಚೀಲ ಹಿಡಿದು ಲಿಫ್ಟಿನಲ್ಲಿ ಪಕ್ಕಕ್ಕೆ ನಿಲ್ಲುವ ಹೆಂಗಸೊಬ್ಬಳು ಅದನ್ನು ಬರೆಯಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಗಂಡನಿಗೆ ಹೇಳಿದಾಗ ಅವರೆಂದರು: "ನಮ್ಗೆ ಇಲ್ಲಿರೋಕೆ ಇಕಾಮಾ ಟೈಮಿಗೆ ರಿನ್ಯೂ ಆದ್ರೆ ಸಾಕು ಅಂತಿರ್ತೇವೆ. ಇವ್ರು ಕಾನೂನೇ ಬರೀತಾರಾ?"

ಒಂದು ಶನಿವಾರ ಸಂಜೆ ಅವಳು ನನ್ನನ್ನು ತನ್ನ ಫ್ಲ್ಯಾಟಿಗೆ ಕರೆದಳು. ಅವಳ ಊರಿನಲ್ಲಿ ಆಗ ಬೆಳಿಗ್ಗೆ. ಅಲ್ಲಿನ ಶಾಲೆಯ ಹಾಲ್‌ನಲ್ಲಿ ಸಂವಿಧಾನದ ಸಭೆ. ಹೊರಗಿನವರು ಕೂತು ನೋಡಬಹುದಂತೆ. ಲ್ಯಾಪ್‌ಟಾಪಿನಲ್ಲಿ ದಪ್ಪ ಜಾಕೆಟ್ ತೊಟ್ಟ ಜನ ಕಂಡರು, ಮಡಿಲಲ್ಲಿ ಕೂಸುಗಳು, ಹಿಂದೆ ಯಾರೋ ಕಾಫಿ ಹಂಚುತ್ತಿದ್ದರು. ಊರು ಬಿಟ್ಟು ಹೋದವರಿಗೆ ಓಟು ಇರಬೇಕೇ ಎಂಬುದು ಅಂದಿನ ಚರ್ಚೆ.

ಅವಳ ಸರದಿ ಬಂತು. ತನ್ನ ಹಕ್ಕು ಕೇಳುತ್ತಾಳೆಂದು ನಾನು ಕಾದೆ. ಅವಳು ಬೇಡವೆಂದಳು. ಊರಿನ ನದಿಯ ನೀರು ಕುಡಿಯುವವರೇ ಅದರ ಬಗ್ಗೆ ತೀರ್ಮಾನಿಸಲಿ, ಮರುಭೂಮಿಯಲ್ಲಿ ಕೂತ ನಾನು ಕೈ ಎತ್ತುವುದು ನ್ಯಾಯವಲ್ಲ ಎಂದಳು.

ಹಾಲ್‌ನ ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದು ನಿಂತಳು, ಇವಳ ಸೋದರತ್ತೆ. ಅವಳು ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಪಕ್ಕದವನೊಬ್ಬ ಇಂಗ್ಲಿಷಿಗೆ ತಿರುಗಿಸಿದ: "ನೀನು ಕೆಲಸಕ್ಕೆ ಹೋಗಿದ್ದೀಯ. ನಮ್ಮನ್ನು ಬಿಟ್ಟು ಹೋಗಲು ನಿನಗೆ ನಾವು ಅನುಮತಿ ಕೊಟ್ಟಿಲ್ಲ."

ಇವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ಇಲ್ಲಿಗೆ ಬಂದು ಇಷ್ಟು ಕಾಲವಾಯಿತು, ನೀನು ಇನ್ನೂ ನಮ್ಮವಳು ಎಂದು ಒಂದು ಇಡೀ ಊರು ನನಗೆ ಹೇಳಿದ್ದಿಲ್ಲ. ನಾನು ಕೇಳಿದ್ದೂ ಇಲ್ಲ.

ಚರ್ಚೆ ಅಲ್ಲಿಗೇ ನಿಲ್ಲಲಿಲ್ಲ. ಒಪ್ಪದವರು ಮೊದಲು ಪೂರ್ತಿ ಮಾತಾಡಬೇಕು, ಓಟು ಆಮೇಲೆ ಎಂಬುದು ಅವರ ಪದ್ಧತಿ. ಅವಸರ ಮಾಡಿದವರು ಒಬ್ಬರೂ ಇರಲಿಲ್ಲ. ಕೊನೆಗೆ ನೆಲ, ನೀರು ಮತ್ತು ಸಂವಿಧಾನದ ವಿಷಯದಲ್ಲಿ ದೂರದವರಿಗೂ ಓಟು, ಆದರೆ ಆಡಳಿತದ ಸ್ಥಾನಗಳಲ್ಲಿ ಊರಲ್ಲಿ ಇರುವವರು ಮಾತ್ರ ಎಂದಾಯಿತು. ಅವಳು ಅದಕ್ಕೆ ಒಪ್ಪಿದಳು.

ಮುಂದಿನ ವರ್ಷ ಇಡೀ ಸಮುದಾಯ ಓಟು ಹಾಕಿ ಸಂವಿಧಾನವನ್ನು ಅಂಗೀಕರಿಸಿತು. ಅವಳು ರಜೆ ಹಾಕಿ ಊರಿಗೆ ಹೋಗಿದ್ದಳು. ಮರುದಿನ ಸಂಜೆ ನಾನು ಆಫೀಸಿನಿಂದ ಬಸ್ಸಿನಲ್ಲಿ ಬರುವಾಗ ಅವಳ ವಿಡಿಯೋ ಕರೆ ಬಂತು. ಸೋದರತ್ತೆ ನಿಂತುಕೊಂಡೇ ಸಂವಿಧಾನವನ್ನು ತಮ್ಮ ಭಾಷೆಯಲ್ಲಿ ಓದುತ್ತಿದ್ದಳು. ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಪಕ್ಕದ ಸೀಟಿನ, ಕರಾವಳಿ ಕಡೆಯ ಬ್ಯಾರಿ ಹುಡುಗಿ ಏನದು ಅಕ್ಕ ಎಂದು ಕೇಳಿದಳು. ಅವಳಿಗೂ ಕಾಣುವಂತೆ ಫೋನನ್ನು ವಾಲಿಸಿ ಹಿಡಿದೆ.