ಮಾಸ್ತರರು ಹೊಡೆದುಹಾಕದ ವಾಕ್ಯ

ಮುಂದಿನ ಎರಡು ಹಲ್ಲು ಬಿದ್ದಿದ್ದರಿಂದ ನಮ್ಮ ಇಂಗ್ಲಿಷ್ ಮಾಸ್ತರರ ಮಾತಿನಲ್ಲಿ ಸಣ್ಣದೊಂದು ಸಿಳ್ಳು ಇರುತ್ತಿತ್ತು. ಇಂಗ್ಲಿಷೆಂದರೆ ಹಾಗೇ ಇರಬೇಕೆಂದು ನಾವೂ ಸಿಳ್ಳು ಹಾಕಿಯೇ ಓದುತ್ತಿದ್ದೆವು. ಅದು ನಿಜಾಮರ ಕಾಲದ ಯಲಬುರ್ಗಾ. ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಮಾಸ್ತರರ ಮನೆಮಾತೂ ಅದೇ. ಆದರೂ ಅರ್ಥವನ್ನು ಮಾತ್ರ ಕನ್ನಡದಲ್ಲೇ ಬಿಡಿಸಿ ಹೇಳುತ್ತಿದ್ದರು. "ತಿಳೀದ ಬಾಯಿಪಾಠ ಮಾಡಿದ್ರ ಗಿಳಿ ಆಗ್ತೀರಿ" ಎನ್ನುವರು.

ಒಂದು ದಿನ ಹಲಗೆಯ ಮೇಲೆ 'ಗೋ ಡೌನ್ ಇನ್ ಹಿಸ್ಟರಿ' ಎಂದು ಬರೆದು ಅರ್ಥ ಕೇಳಿದರು. ಹಿಂದಿನ ಸಾಲಿನವನೊಬ್ಬ ಎದ್ದು, "ಇತಿಹಾಸದಾಗ ಕೆಳಗ ಇಳಿಯೂದ್ರಿ" ಎಂದ. ಮಾಸ್ತರರು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಅದೇನು ಬಾವಿ ಏನೋ, ಇಳಿಯಾಕ? ಮನುಷ್ಯಾ ಹೋದ ಮ್ಯಾಲೂ ಮಂದಿ ಮರೀದಂಗ ಉಳಿಯೂದು. ಹೂಂ, ಎಲ್ಲಾರೂ ಒಂದೊಂದು ವಾಕ್ಯ ಬರೀರಿ."

ಉಳಿದವರೆಲ್ಲ ರಾಜರ ಹೆಸರು ಬರೆದರು. ನಾನು ಅವ್ವನ ಹೆಸರು ಬರೆದೆ. ಹಿಂದಿನ ವರ್ಷ ಪ್ಲೇಗು ಬಂದು ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೋದಾಗ, ಏಳಲಾರದೆ ಉಳಿದವರಿಗೆ ಗಂಜಿ ಕಾಯಿಸಿ ಕೊಟ್ಟವಳು ಅವ್ವ. ಕಡೆಗೆ ಅದೇ ಜಡ್ಡು ಅವಳನ್ನೂ ಒಯ್ದಿತು.

ಮರುವಾರ ಶಾಲೆಯ ತನಿಖೆಗೆ ಬಂದ ಸಾಹೇಬರು ನನ್ನ ವಹಿ ನೋಡಿ ನಕ್ಕರು. "ನಿಮ್ಮವ್ವನ ಹೆಸರು ಯಾವ ತವಾರೀಖಿನಾಗ, ಯಾವ ಇತಿಹಾಸದಾಗ ಬಂದೈತಿ? ಮಾಸ್ತರ್, ಇದನ್ನ ಹೊಡದು ಹಾಕ್ರಿ."

ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ನಾನು, ತಲೆ ಎತ್ತಲಾಗಲಿಲ್ಲ. ಮಾಸ್ತರರು ಲೇಖನಿ ಮುಟ್ಟಲಿಲ್ಲ.

"ವಾಕ್ಯ ಸರಿ ಐತ್ರಿ ಸಾಹೇಬ್ರ. ಆ ತಾಯಿನ್ನ ಈ ಊರು ಮರೆತಿಲ್ಲ. ಮತ್ತ ಅದಕ್ಕ ಬ್ಯಾರೆ ಅರ್ಥ ನನಗ ಗೊತ್ತಿಲ್ರಿ."

ನೌಕರಿ ಬಿಟ್ಟರೆ ಮಾಸ್ತರರಿಗೆ ಬೇರೆ ಆಸರೆ ಇರಲಿಲ್ಲವೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ತಿಂಗಳೊಳಗೆ ಅವರಿಗೆ ಕುಷ್ಟಗಿಗೆ ವರ್ಗವಾಯಿತು. ಹೊರಡುವ ದಿನ ನಮ್ಮ ಮನೆಗೆ ಬಂದು, ನನ್ನನ್ನು ಶಾಲೆ ಬಿಡಿಸಬೇಕೆಂದಿದ್ದ ಅಪ್ಪನ ಕೈ ಹಿಡಿದುಕೊಂಡರು.

"ಗೌಡ್ರ, ನಾ ಹೊಂಟೀನಿ. ಹುಡುಗಿ ಸಾಲಿ ಮಾತ್ರ ನಿಲ್ಲಸಬ್ಯಾಡ್ರಿ."

ಅಪ್ಪ ಆ ಮಾತು ಮೀರಲಿಲ್ಲ.

ಗಂಗಾವತಿಯಲ್ಲಿ ನಾನು ಶಿಕ್ಷಕಿಯಾಗಿ ಸೇರಿದ ದಿನ ಅವರಿಗೊಂದು ಕಾರ್ಡು ಬರೆದೆ. ಉತ್ತರ ಬರಲಿಲ್ಲ. ಕೆಲವು ತಿಂಗಳ ಮೇಲೆ, ಅವರು ತೀರಿಕೊಂಡರೆಂಬ ಸುದ್ದಿ ಬಂತು. ಕುಷ್ಟಗಿಗೆ ಹೋದೆ. ನಾನು ಯಾರೆಂದು ಹೇಳುತ್ತಲೇ ಅವರ ಹೆಂಡತಿ ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. ಕಾರ್ಡು ಮುಟ್ಟಿತ್ತೇ ಎಂದು ಕೇಳಿದೆ.

"ಮುಟ್ಟಿತ್ತವಾ. ಕೈ ಸ್ವಾಧೀನ ಇರಲಿಲ್ಲ, ತಿರುಗಿ ಬರಿಯಾಕ ಆಗಲಿಲ್ಲ. ಆದ್ರ ಅವತ್ತು ಈದ್ ಇಲ್ಲ ಏನಿಲ್ಲ, ನನ್ನ ಕಡಿಂದ ಶೀರ್ ಖುರ್ಮಾ ಪಾಯಸ ಮಾಡಿಸಿ ಓಣಿ ತುಂಬ ಹಂಚಿಸಿದ್ರು."