ಮೂರನೇ ಕಿಟಕಿಯ ಒಂದು ಕ್ರೆಡಿಟ್

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಮೂರು ಕಿಟಕಿಗಳಿದ್ದವು. ಮೊದಲನೆಯದರಲ್ಲಿ ಅರ್ಜಿ ಕೊಡುತ್ತಿದ್ದರು, ಎರಡನೆಯದರಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದರು, ಮೂರನೆಯದರಲ್ಲಿ ಅದನ್ನು ವಾಪಸು ಕೊಡುತ್ತಿದ್ದರು. ಆ ಮೂರನೆಯ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷದಿಂದ ಕೂತಿದ್ದವಳಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಇಲ್ಲಮ್ಮ. ಹುಡುಗಿಯರು ಬಂದರೆ "ಇಲ್ಲಮ್ಮ, ಆಗಲ್ಲ" ಎನ್ನುವಳು, ಹುಡುಗರು ಬಂದರೆ "ಇಲ್ಲಪ್ಪ, ಆಗಲ್ಲ." ಹೆಸರಾಗಿ ನಿಂತದ್ದು ಮೊದಲನೆಯದು.

ಪದವಿ ಕೊಡುವ ಮುನ್ನ ಪ್ರತಿಯೊಬ್ಬರ ಕಡತ ತೆಗೆದು, ಸಾಮಾನ್ಯ ಶಿಕ್ಷಣದ ಪಟ್ಟಿ ಪೂರ್ತಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ಈ ವಿಶ್ವವಿದ್ಯಾಲಯವನ್ನು ಕಟ್ಟಿದ ಪಾದ್ರಿಗಳಿಗೆ ಒಂದು ನಂಬಿಕೆಯಿತ್ತು. ದೇವರು ಮನುಷ್ಯನನ್ನು ಇಡಿಯಾಗಿ ಮಾಡಿದ್ದಾನೆ, ಅವನಿಗೆ ಬಿಡಿಬಿಡಿಯಾಗಿ ಕಲಿಸಬಾರದು. ಹಾಗಾಗಿ ಏನೇ ಓದಲು ಬಂದಿರಲಿ, ಎಲ್ಲರೂ ಧರ್ಮಗ್ರಂಥ, ನೀತಿ, ಚರಿತ್ರೆ, ಒಂದು ವಿಜ್ಞಾನ, ಮೈದಾನದಲ್ಲಿ ಓಟ, ಒಂದು ಕ್ರೆಡಿಟ್ ಗಾಯನ, ಇಷ್ಟನ್ನು ಮುಗಿಸಲೇಬೇಕು. ವಾಣಿಜ್ಯ ಓದುವವನು ಕಪ್ಪೆಯ ಹೃದಯ ಹುಡುಕಬೇಕು. ಕಪ್ಪೆಯ ಹೃದಯವನ್ನು ಕಣ್ಣುಮುಚ್ಚಿ ಹುಡುಕಬಲ್ಲವಳು, ಹಾಗೆ ಹುಡುಕುವುದು ಸರಿಯೇ ಎಂದು ನೀತಿಯ ತರಗತಿಯಲ್ಲಿ ನಾಲ್ಕು ಪುಟ ಬರೆಯಬೇಕು.

ಆ ವರ್ಷದ ಮೊದಲಲ್ಲಿ ಕಂಪ್ಯೂಟರ್ ಓದುವ ಹುಡುಗಿಯೊಬ್ಬಳು ಎಂಟು ಸುತ್ತು ಓಡಿದ್ದೇನೆಂಬ ಪತ್ರ ತಂದು ಕಿಟಕಿಯೊಳಗೆ ತೂರಿಸಿದಳು. ಇಲ್ಲಮ್ಮ ತಾರೀಖು ನೋಡಿದಳು.

"ಆವತ್ತು ಮೈದಾನಕ್ಕೆ ಹುಲ್ಲು ಹಾಕ್ತಿದ್ರಲ್ಲಮ್ಮ. ಹಾರಿದ್ಯಾ?"

"ಸಾರ್ ಸಹಿ ಮಾಡಿದಾರಲ್ಲ ಮೇಡಂ."

"ಸಾರ್ ಕೈ ಸಹಿ ಮಾಡಿದೆ, ನಿನ್ನ ಕಾಲು ಮಾಡಿಲ್ಲ. ಓಡದೇ ಇರೋದನ್ನ ಓಡಿದಾಳೆ ಅಂತ ನನ್ನ ಕೈಯಲ್ಲಿ ಬರೆಸಬೇಡ."

"ನಾನು ನಾಳೆ ಕೂತು ಕೆಲಸ ಮಾಡೋಳು. ನಂಗ್ಯಾಕೆ ಓಟ?"

"ಇಷ್ಟು ವರ್ಷ ಕೂತು ನಾನು ಹೇಗಾಗಿದೀನಿ ನೋಡು. ಅದಕ್ಕೆ."

ಹುಡುಗಿ ಎಂಟು ಸುತ್ತು ಓಡಿಯೇ ಪತ್ರ ತಂದಳು. ಅಂದಿನಿಂದ ಅವಳಿಗೂ ಒಂದು ಹೆಸರು ಬಂತು, ಎಂಟುಸುತ್ತು.

ಅದೇ ತಿಂಗಳು ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸಿದರು. ಏನಾದರೂ ಬಾಕಿ ಉಳಿಸಿಕೊಂಡು ಹೋದ ಹಳೆಯ ವಿದ್ಯಾರ್ಥಿಗಳು ಈ ವರ್ಷದೊಳಗೆ ಮುಗಿಸಬೇಕು, ಆಮೇಲೆ ಕಡತ ಮುಚ್ಚಿದಂತೆ ಎಂದು ಸುತ್ತೋಲೆ ಬಂತು. ಬಾಕಿಯವರ ಹೆಸರುಗಳು ತೆರೆಯ ಮೇಲೆ ಕೆಂಪಾಗಿ ಮೂಡಿದವು. ಇಲ್ಲಮ್ಮ ಒಂದೊಂದೇ ಓದುತ್ತ ಬಂದು ಒಂಬತ್ತನೆಯದರಲ್ಲಿ ನಿಂತಳು. ಅದು ಅವಳದೇ ಹೆಸರು. ಗಾಯನ, ಒಂದು ಕ್ರೆಡಿಟ್ ಬಾಕಿ.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆ ಅವಳಿಗೆ ಹೊಸದಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಗಾಯನದ ಮೊದಲ ತರಗತಿಯಲ್ಲಿ ಆಗಿನ ಮೇಷ್ಟ್ರು ಹಾಡು ನಿಲ್ಲಿಸಿ, ಅಪಸ್ವರ ಎಲ್ಲಿಂದ ಬರುತ್ತಿದೆಯೆಂದು ಸಾಲುಸಾಲಾಗಿ ಹಾಡಿಸಿ ಹುಡುಕಿದ್ದರು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿಕೊಂಡಿದ್ದಳು. ಮತ್ತೆ ಆ ಕಡೆ ಹೋಗಲಿಲ್ಲ. ಮದುವೆಯಾಯಿತು, ಪದವಿ ಕೇಳದ ಈ ಕೆಲಸ ಸಿಕ್ಕಿತು. ಅಕ್ಷರ ದುಂಡಗಿದ್ದುದರಿಂದ ಪದವಿ ಪತ್ರಗಳ ಮೇಲೆ ಹೆಸರು ಬರೆಯುವ ಕೆಲಸವೂ ಅವಳಿಗೇ ಬಂತು. ಎಂಟು ಸಾವಿರಕ್ಕೂ ಮೀರಿ ಹೆಸರು ಬರೆದಿದ್ದಳು. ಆ ದಪ್ಪ ಕಾಗದದ ಮೇಲೆ ತನ್ನ ಹೆಸರು ಎಷ್ಟು ಉದ್ದ ಬಂದೀತು ಎಂದು ಬೆರಳಿಂದ ಅಳೆದದ್ದು ಯಾರಿಗೂ ಗೊತ್ತಿರಲಿಲ್ಲ.

ವಿನಾಯಿತಿ ಕೇಳಬಹುದಿತ್ತು. ಆದರೆ ವಿನಾಯಿತಿಯ ಅರ್ಜಿ ಬರುವುದು ಮೂರನೇ ಕಿಟಕಿಗೆ. ಅಲ್ಲಿ ಏನು ಉತ್ತರ ಸಿಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಗಾಯನದ ತರಗತಿಗೆ ಹೆಸರು ಕೊಟ್ಟಳು. ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ ಮಡಚುವ ಕುರ್ಚಿಗಳು, ಎರಡು ಸ್ವರ ಮೂಕವಾದ ಪಿಯಾನೊ, ಇಪ್ಪತ್ತೊಂಬತ್ತು ಮಕ್ಕಳು. ಖಾಲಿ ಇದ್ದದ್ದು ಎಂಟುಸುತ್ತಿನ ಪಕ್ಕದ ಕುರ್ಚಿ ಒಂದೇ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಇಲ್ಲಿ ಸಹಿ ಇಲ್ಲದೇನೂ ಒಳಗೆ ಬಿಡ್ತಾರೆ."

ಈಗಿನ ಮೇಷ್ಟ್ರು ಚಿಕ್ಕ ವಯಸ್ಸಿನವರು, ನೊಣಕ್ಕೂ ನೋವಾಗದಂತೆ ಮಾತಾಡುವವರು. ಎರಡು ತರಗತಿ ತಡೆದುಕೊಂಡರು. ಮೂರನೆಯದು ಮುಗಿದ ಮೇಲೆ ಅವಳನ್ನು ಬಾಗಿಲ ಬಳಿ ನಿಲ್ಲಿಸಿದರು.

"ತಪ್ಪು ತಿಳ್ಕೋಬೇಡಿ ಮೇಡಂ. ಕಾರ್ಯಕ್ರಮದ ದಿನ ತಾವು ಬಾಯಿ ಮಾತ್ರ ಆಡಿಸಿದ್ರೆ ಸಾಕು. ತಮ್ಮ ಮುಖದಲ್ಲಿ ಭಕ್ತಿ ಬಹಳ ಚೆನ್ನಾಗಿದೆ."

ಮನೆಯಲ್ಲಿ ಮಾತ್ರ ಅವಳು ಅಭ್ಯಾಸ ಬಿಡಲಿಲ್ಲ. ಬೆಳಿಗ್ಗೆ ಅವಳು ಗಂಟಲು ಸರಿಮಾಡಿಕೊಂಡದ್ದೇ ತಡ, ಅತ್ತೆ ಕಿವಿಯ ಮೆಷಿನ್ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಿದ್ದರು. ಗಂಡ ಗಡಿಯಾರ ರಿಪೇರಿಯವನು. ತಲೆಯೆತ್ತದೆ ಕೇಳಿದ, ತಲೆಯೆತ್ತದೆ ಹೇಳಿದ.

"ನಿಧಾನ ಓಡೋ ಗಡಿಯಾರ ರಿಪೇರಿ ಮಾಡಬಹುದು ಕಣೇ. ಜೋರು ಓಡೋದನ್ನೂ ಮಾಡಬಹುದು. ಒಂದೇ ನಿಮಿಷದಲ್ಲಿ ಎರಡೂ ಮಾಡಿದ್ರೆ ಎಲ್ಲಿ ಅಂತ ಬಿಚ್ಚೋದು?"

"ನೀವು ಬಿಚ್ಚಬೇಡಿ. ಸುಮ್ನೆ ಕೇಳಿಸ್ಕೊಳ್ಳಿ."

"ಅದೇ ಕಷ್ಟ."

ಕಾರ್ಯಕ್ರಮದ ದಿನ ಅವಳು ಬಿಳಿ ಬಟ್ಟೆ ತೊಟ್ಟು ಮೂರನೇ ಸಾಲಿನಲ್ಲಿ ನಿಂತು, ಅಷ್ಟೂ ಹಾಡುಗಳಿಗೆ ಬಾಯಿ ಆಡಿಸಿದಳು. ಒಂದು ಅಕ್ಷರ ಹಿಂದೆಮುಂದೆ ಆಗಲಿಲ್ಲ. ಚಪ್ಪಾಳೆ ಬಂತು. ಮೊದಲ ಸಾಲಿನಲ್ಲಿ ಕೂತಿದ್ದ ಅತ್ತೆ ಮೆಷಿನ್ನನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಹೊರಗೆ ಬಂದು ಸೊಸೆಯ ಕೈ ಹಿಡಿದುಕೊಂಡರು.

"ಅಷ್ಟು ಜನದಲ್ಲಿ ನಿನ್ನ ಸ್ವರ ಒಂದೇ ಕಣೇ ನಂಗೆ ಕೇಳಿಸಿದ್ದು."

ಪಕ್ಕದಲ್ಲಿದ್ದ ಎಂಟುಸುತ್ತು ಕೆಮ್ಮಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಇಲ್ಲಮ್ಮನ ಕೈ ಗಂಟಲಿಗೆ ಹೋಯಿತು.

ವಾರ ಕಳೆದು ಗಾಯನದ ಫಲಿತಾಂಶದ ಹಾಳೆ ಬಂತು. ಎಲ್ಲರ ಹೆಸರಿನ ಮುಂದೆ ಉತ್ತೀರ್ಣ ಎಂದಿತ್ತು, ಅವಳದರ ಮುಂದೆಯೂ. ಕಂಪ್ಯೂಟರಿಗೆ ಹಾಕಬೇಕಾದವಳು ಅವಳೇ. ಇಪ್ಪತ್ತೊಂಬತ್ತು ಹೆಸರು ಹಾಕಿದಳು. ಮೂವತ್ತನೆಯದರ ಮುಂದೆ ಬೆರಳು ಎತ್ತಿದ್ದು ಇಳಿಯಲಿಲ್ಲ. ಮೂರು ದಿನ ಹೀಗೇ ಆಯಿತು. ಎರಡನೇ ಕಿಟಕಿಯವನು ಇಣುಕಿ ನೋಡಿದ.

"ಒತ್ತಿಬಿಡಿ ಅಕ್ಕ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲಪ್ಪ. ಅದಕ್ಕೇ ಅಲ್ವಾ ನನ್ನ ಇಲ್ಲಿ ಕೂರಿಸಿರೋದು."

ಬಾಕಿ ಮುಗಿಸಲು, ಪದವಿಗೆ ಅರ್ಜಿ ಕೊಡಲು ಇದ್ದ ಕೊನೆಯ ದಿನ ನಾಲ್ಕೂವರೆಗೆ ಅವಳು ಮೇಷ್ಟ್ರನ್ನು ಕರೆಸಿದಳು. ಕಿಟಕಿಯ ಮುಂದೆ ಹನ್ನೊಂದು ಜನರ ಸಾಲಿತ್ತು, ಎಲ್ಲಕ್ಕಿಂತ ಮುಂದೆ ಎಂಟುಸುತ್ತು.

"ಮೇಷ್ಟ್ರೇ, ನಾನು ಹಾಡಿಲ್ಲ. ಹಾಡದೇ ಇರೋದನ್ನ ಹಾಡಿದಾಳೆ ಅಂತ ಬರೆಯೋಕೆ ನನ್ನಿಂದ ಆಗಲ್ಲ. ಈಗ ಹಾಡ್ತೀನಿ. ನೀವು ಕೇಳಿ."

"ಇಲ್ಲೇನಾ ಮೇಡಂ?"

"ಐದಕ್ಕೆ ಕಿಟಕಿ ಮುಚ್ಚುತ್ತೆ. ಬೇರೆ ಕಡೆ ಹೋಗೋಕೆ ಹೊತ್ತಿಲ್ಲ."

ಅವಳು ಎದ್ದು ನಿಂತಳು. ಮೊದಲ ಸ್ವರ ಫ್ಯಾನಿನ ಸದ್ದಿಗೆ ಸೇರಿಕೊಂಡಿತು, ಎರಡನೆಯದು ಯಾವುದಕ್ಕೂ ಸೇರಲಿಲ್ಲ. ಎರಡನೇ ಕಿಟಕಿಯಲ್ಲಿ ಮೊಹರು ಒತ್ತುವ ಸದ್ದು ನಿಂತಿತು. ಸಾಲಿನಲ್ಲಿ ಯಾರೋ ನಗು ತಡೆಯಲು ಅರ್ಜಿಯಿಂದ ಮುಖ ಮುಚ್ಚಿಕೊಂಡರು. ಎಂಟುಸುತ್ತು ನಗಲಿಲ್ಲ. ಪೆನ್ನು ತೆಗೆದು ಕಿಟಕಿಯ ಹಲಗೆಗೆ ಮೆಲ್ಲಗೆ ತಾಳ ಬಡಿಯತೊಡಗಿದಳು. ಇಲ್ಲಮ್ಮ ಆ ಪೆನ್ನನ್ನೇ ನೋಡುತ್ತ ಮುಂದಕ್ಕೆ ಹೋದಳು. ಹಾಡಿನ ಮೂರನೇ ಸಾಲಿನಲ್ಲಿ, ದಾರಿ ತಪ್ಪಿದ ಹಸು ಅಕಸ್ಮಾತ್ತಾಗಿ ಮನೆ ಮುಂದೆಯೇ ಹಾದುಹೋದಂತೆ, ಶ್ರುತಿ ಒಮ್ಮೆ ಸರಿಯಾಗಿ ಕೂತಿತು. ಮೇಷ್ಟ್ರ ಹುಬ್ಬು ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಹಸು ಮುಂದಕ್ಕೆ ಹೊರಟಿತ್ತು. ನಾಲ್ಕನೇ ಸಾಲನ್ನೂ ಮುಗಿಸಿ ಅವಳು ಕೂತಳು.

ಮೇಷ್ಟ್ರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ಹಾಡಿದ್ದೀರಿ ಮೇಡಂ. ನಿಯಮದಲ್ಲಿ ಹಾಡಬೇಕು ಅಂತಿದೆ. ಚೆನ್ನಾಗಿ ಹಾಡಬೇಕು ಅಂತ ಎಲ್ಲೂ ಇಲ್ಲ."

"ಖಂಡಿತಾನಾ?"

ಅವಳು ನಿಯಮಗಳ ಪುಸ್ತಕ ತೆಗೆದು, ಗಾಯನದ ಪುಟವನ್ನು ಬೆರಳಿಟ್ಟು ಕೊನೆಯವರೆಗೂ ಓದಿದಳು. ಸಾಲಿನಲ್ಲಿದ್ದ ಹನ್ನೊಂದು ಜನರೂ ಕಾದರು. ನಿಜವಾಗಿಯೂ ಇರಲಿಲ್ಲ. ಆಮೇಲೆ ಮೂವತ್ತನೇ ಹೆಸರಿನ ಮುಂದೆ ಬೆರಳು ಒತ್ತಿದಳು. ಕೆಂಪು ಕಪ್ಪಾಯಿತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ಕೊಡಮ್ಮ ನಿಂದು."

ಎಂಟುಸುತ್ತು ಅರ್ಜಿ ಕೊಟ್ಟಳು. ಇಲ್ಲಮ್ಮ ಮೇಲಿಂದ ಕೆಳಗೆ ನೋಡಿದಳು, ತಿರುಗಿಸಿ ನೋಡಿದಳು.

"ಗ್ರಂಥಾಲಯದ ಸಹಿ ಇಲ್ಲ. ಇಲ್ಲಮ್ಮ, ಆಗಲ್ಲ."

"ಮೇಡಂ, ಈಗ ತಾನೇ ನಿಮಗೆ ತಾಳ ಹಾಕಿದ್ಯಾರು?"

"ತಾಳ ಚೆನ್ನಾಗಿತ್ತು. ಸಹಿ ಇಲ್ಲ."

"ಗ್ರಂಥಾಲಯ ಆ ತುದೀಲಿದೆ. ಐದಕ್ಕೆ ಐದೇ ನಿಮಿಷ ಇದೆ."

"ಎಂಟು ಸುತ್ತು ಓಡಿದೀಯಲ್ಲ. ಓಡು."

ಹುಡುಗಿ ಓಡಿದಳು. ಉಳಿದವರ ಅರ್ಜಿಗಳು ಒಂದೊಂದಾಗಿ ಒಳಗೆ ಬಂದವು, ನಾಲ್ಕು ಹೊರಗೆ ಹೋದವು. ಗೋಡೆಯ ಗಡಿಯಾರ ಐದು ಹೊಡೆಯಿತು. ಒಂದನೇ ಕಿಟಕಿ ಮುಚ್ಚಿತು, ಎರಡನೆಯದೂ ಮುಚ್ಚಿತು. ಇಲ್ಲಮ್ಮ ತನ್ನ ಕಿಟಕಿಯ ಬಾಗಿಲನ್ನು ಅರ್ಧಕ್ಕೆ ಎಳೆದು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅಲ್ಲಿಗೇ ಕೈ ನಿಲ್ಲಿಸಿದಳು. ಹಜಾರದ ತುದಿಯನ್ನು ನೋಡುತ್ತ, ಆ ಮೂರನೇ ಸಾಲನ್ನು ಮೆಲ್ಲಗೆ ಗುನುಗತೊಡಗಿದಳು. ಎರಡನೇ ಕಿಟಕಿಯವನು ಮನೆಗೆ ಹೊರಟವನು, ಹೆಜ್ಜೆ ಸ್ವಲ್ಪ ಬೇಗ ಹಾಕಿದ.